ಸೀಸೆಯೊಳಗಿನ ಪೆನ್ಸಿಲ್ ಚೀಟಿ

ರಸ್ಮಾಗೆ ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ. ತಾಲ್ಸಿ ಪಟ್ಟಣದ ಪಕ್ಕದ ಕಾಡಿನ ಹುಲ್ಲಿನ ಮೇಲೆ ಬಿಳಿ ಫ್ಲಾನೆಲ್ ಬಟ್ಟೆ ಎಳೆಯುತ್ತಾ ಹೋಗಬೇಕು, ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡಬೇಕು, ಅಂಟಿಕೊಂಡ ಉಣುಗುಗಳನ್ನು ಚಿಮಟದಿಂದ ಹೆಕ್ಕಿ ಸ್ಪಿರಿಟ್ ಸೀಸೆಗೆ ಹಾಕಬೇಕು. ಶಾಯಿಯಾದರೆ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ. ಅದಕ್ಕೇ ಕಾಡಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಮುಳುಗಿಸುವುದು ರೂಢಿ. ಉಣುಗಿನ ಹೊಟ್ಟೆಯಲ್ಲಿ, ಅದು ಕಚ್ಚಿದರೆ ಮನುಷ್ಯರಿಗೆ ಹರಡುವ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಎಷ್ಟು ತಳಿಯವಿವೆ ಎಂದು ಪಟ್ಟಣದ ಪ್ರಯೋಗಾಲಯದವರು ಹುಡುಕುತ್ತಿದ್ದರು.

ರಸ್ಮಾಳ ಕಾಡಿನಲ್ಲಿ ಪ್ರತಿವರ್ಷವೂ ಎರಡೇ ತಳಿ. ಹೊಳೆಯಾಚೆ ಸನಿತಾಳ ಕಾಡಿನಲ್ಲಿ ಐದು. ನಾಲ್ಕು ವರ್ಷದ ಹಿಂದೆ ಇದೇ ಕೆಲಸಕ್ಕೆ ಬಂದ ಸನಿತಾಳಿಗೆ ಬಟ್ಟೆ ಹಿಡಿಯಲು ಕಲಿಸಿದವಳೇ ರಸ್ಮಾ. ಉಣುಗು ಯಾವ ಪ್ರಾಣಿಯ ರಕ್ತ ಕುಡಿಯಿತೋ ಅದರಿಂದಲೇ ತಳಿ ಬರುವುದು; ಇಲಿಗಳಷ್ಟೇ ಇರುವಲ್ಲಿ ಒಂದೆರಡು ತಳಿ, ಹಕ್ಕಿಗಳೂ ಇದ್ದರೆ ಹೆಚ್ಚು. ಇದರಲ್ಲಿ ಸನಿತಾಳ ದೊಡ್ಡಸ್ತಿಕೆ ಏನೂ ಇಲ್ಲವೆಂದು ರಸ್ಮಾಗೆ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯುತ್ತಿತ್ತು.

ಆ ವಸಂತದಲ್ಲಿ ಪ್ರಯೋಗಾಲಯದ ಗುನಾರ್ಸ್ ಬಂದು, ಮುಂದಿನ ವರ್ಷದಿಂದ ಒಂದೇ ಕಾಡು, ಈ ವರ್ಷ ಹೆಚ್ಚು ತಳಿ ಸಿಕ್ಕ ಕಡೆಯವಳಿಗಷ್ಟೇ ಕೆಲಸ ಎಂದ. ರಸ್ಮಾಳ ಕಾಡಿನಲ್ಲೋ ಹೊಸ ಕಾಟ. ಬಿರುಗಾಳಿಗೆ ದೊಡ್ಡ ಮರಗಳು ಉರುಳಿದ ಜಾಗದಲ್ಲಿ ಕೆಂಪು ಹಣ್ಣಿನ ಪೊದೆಗಳೆದ್ದು, ಎಲ್ಲಿಲ್ಲದ ಹಕ್ಕಿಗಳು ಬಂದು ಬಿಡಾರ ಹೂಡಿದ್ದವು. ಬಿಳಿ ಬಟ್ಟೆಯ ತುಂಬಾ ಅವುಗಳ ಹಿಕ್ಕೆ. ದರಿದ್ರ ಹಕ್ಕಿಗಳು ಎಂದು ಶಪಿಸುತ್ತಲೇ ಅವಳು ದಿನವೂ ಬಟ್ಟೆ ಒಗೆದಳು.

ಜೂನ್‌ನಲ್ಲಿ, ಪ್ರಯೋಗಾಲಯಕ್ಕೆ ಕಳಿಸಲೆಂದು, ಇಬ್ಬರ ಸೀಸೆಗಳೂ ಒಂದೇ ಕಪಾಟು ಸೇರಿದವು. ನಡುಬೇಸಿಗೆಯ ಲೀಗೋ ಹಬ್ಬಕ್ಕೆ ಜೀರಿಗೆ ಹಾಕಿದ ಗಿಣ್ಣು ಮಾಡಬೇಕೆಂದು ಸನಿತಾ ಬೇಗ ಮನೆಗೆ ಹೋದಳು. ರಸ್ಮಾ ಚಿಮಟ ತೆಗೆದುಕೊಂಡು, ಅವಳ ಚೀಟಿಗಳನ್ನು ತನ್ನ ಸೀಸೆಗಳಿಗೂ ತನ್ನವನ್ನು ಅವಳ ಸೀಸೆಗಳಿಗೂ ಹಾಕಿ ಮುಚ್ಚಳ ಬಿಗಿದಳು.

ಶರತ್ಕಾಲದಲ್ಲಿ ಗುನಾರ್ಸ್ ಫಲಿತಾಂಶ ಓದಿದ. ರಸ್ಮಾಳ ಹೆಸರಿಗೆ ಐದು ತಳಿ, ಸನಿತಾಳ ಹೆಸರಿಗೆ ಏಳು. ಐದು ಎಂದರೆ ಸನಿತಾಳ ಕಾಡಿನ ಎಂದಿನ ಐದೇ. ಹಾಗಾದರೆ ಆ ಏಳು ಯಾರವು ಎಂಬುದು ರಸ್ಮಾಗೊಬ್ಬಳಿಗೇ ಗೊತ್ತು. ಬಾಯಿ ಬಿಟ್ಟರೆ ಕಳ್ಳಿ, ಬಿಡದಿದ್ದರೆ ಕೆಲಸವಿಲ್ಲ. ಅವಳು ಬಾಯಿ ಬಿಡಲಿಲ್ಲ.

ಸಂಜೆ ಸನಿತಾ ಒಂದು ಮುದ್ದೆ ಗಿಣ್ಣು ಹಿಡಿದು ಅವಳ ಮನೆಗೆ ಬಂದಳು.

"ಈ ಸಲ ನೀವೇ ಗೆಲ್ತೀರ ಅಂದ್ಕೊಂಡಿದ್ದೆ ಅಕ್ಕಾ," ಎಂದಳು. "ನಿಮ್ ಕಾಡಲ್ಲಿ ಅಷ್ಟೊಂದು ಹಕ್ಕಿ ನೋಡಿ ನಂಗೆ ನಿಜವಾಗ್ಲೂ ಹೊಟ್ಟೆಕಿಚ್ಚಾಗಿತ್ತು."

ರಸ್ಮಾ ಗಿಣ್ಣು ತೆಗೆದುಕೊಂಡು ಮೇಜಿನ ಮೇಲಿಟ್ಟಳು.

"ನನ್ ಬಟ್ಟೆ ಹರಿದೋಗಿದೆ. ನಿಮ್ಗಿನ್ನು ಬೇಡ ಅಂದ್ರೆ ನಿಮ್ದು ಕೊಡ್ತೀರಾ?"

ರಸ್ಮಾ ಒಳಗೆ ಹೋಗಿ ತನ್ನ ಫ್ಲಾನೆಲ್ ತಂದು, ಮಡಚಿ, ಸನಿತಾಳ ಕೈಗೆ ಕೊಟ್ಟಳು. ಎಷ್ಟು ಒಗೆದರೂ ಹಿಕ್ಕೆಯ ಕಲೆ ಹೋಗಿರಲಿಲ್ಲ.