ಓರೆಯಾಗಿ ಮಲಗುವ ವಿದ್ಯೆ

ಬೆಳಿಗ್ಗೆ ಬಾಗಿಲು ತೆರೆದಾಗ ಆ ತಾಯಿಯ ಎಡಗೆನ್ನೆಯ ಮೇಲೆ ಹಗ್ಗದ ಬಲೆಯ ಗುರುತು ಅಚ್ಚೊತ್ತಿರುತ್ತಿತ್ತು. ಎಂಬತ್ತು ದಾಟಿದ್ದರೂ ಮಂಚವೆಂಬುದನ್ನು ಅವರು ಒಲ್ಲರು; ಗೋಡೆಯಿಂದ ಗೋಡೆಗೆ ಕಟ್ಟಿದ ಜೋಲಿಯಲ್ಲೇ ನಿದ್ದೆ. ಆ ನಿದ್ದೆಯನ್ನು ಕಸಿದವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ.

ಎರಡು ಸಾವಿರದ ಆರರ ಚಳಿಗಾಲ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿ ಮಗಳ ಬಾಡಿಗೆ ಮನೆಯಲ್ಲಿದ್ದೆ. ಆ ತಾಯಿ ಎದುರುಮನೆಯವರು. ಹರೆಯದಲ್ಲಿ ದಾದಿಯಾಗಿ ಅಮೆಜಾನ್ ನದಿಯ ಹಡಗುಗಳಲ್ಲಿ ಊರೂರು ತಿರುಗಿ ರೋಗಿಗಳನ್ನು ನೋಡಿಕೊಂಡವರು. ಹಡಗಿನ ಸೂರಿಗೆ ಜೋಲಿಗಳು ಒತ್ತೊತ್ತಾಗಿ ತೂಗುತ್ತಿದ್ದುವಂತೆ. ಒಬ್ಬರು ಮಗ್ಗುಲಾದರೆ ಸಾಲೆಲ್ಲ ಅಲುಗುತ್ತಿತ್ತಂತೆ.

ನನ್ನ ಬೆನ್ನುನೋವನ್ನು ಕಂಡು ಒಂದು ಮಧ್ಯಾಹ್ನ ನನ್ನನ್ನೂ ಮಲಗಿಸಿದರು. ನೆಟ್ಟಗೆ ಮಲಗಿ ಬಿಲ್ಲಿನಂತೆ ಬಾಗಿದೆ.

"ಬಾಳೆಹಣ್ಣಾಗಬೇಡಿ, ಪ್ರೊಫೆಸರ್. ಓರೆಯಾಗಿ ಮಲಗಿ," ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. ಬೆನ್ನು ಸಮವಾಯಿತು.

"ತಲೆ ಯಾವ ದಿಕ್ಕಿಗಿದೆ?" ಎಂದು ಕೇಳಿದೆ.

"ಉತ್ತರಕ್ಕೆ."

ಉತ್ತರಕ್ಕೆ ತಲೆಯಿಟ್ಟು ಮಲಗುವುದು ನಮ್ಮಲ್ಲಿ ನಿಷಿದ್ಧ. ಗಾಬರಿಯಿಂದ ಏಳಹೋಗಿ ನೆಲಕ್ಕೆ ಜಾರಿದೆ.

ಕಾರಣ ಕೇಳಿ ಅವರು ನಕ್ಕರು. "ನದಿ ತಿರುಗಿದ ಕಡೆಗೆ ನಮ್ಮ ತಲೆ ತಿರುಗುತ್ತಿತ್ತು. ನಿಮ್ಮ ದೇವರು ಒಂದು ರಾತ್ರಿಗೆ ಎಷ್ಟು ಸಲ ನಮ್ಮನ್ನು ಎಬ್ಬಿಸಬೇಕಿತ್ತು?"

ಐವತ್ತು ವರ್ಷ ಶಾಸ್ತ್ರ ಓದಿದ ನಾನು ಪಂಚೆ ಕೊಡವಿಕೊಂಡು ಮೇಲೆದ್ದೆ.

ಜನವರಿಯಲ್ಲಿ ಅವರು ಅಡುಗೆಮನೆಯಲ್ಲಿ ಜಾರಿ ಬಿದ್ದರು. ನಗರಾಡಳಿತದಿಂದ, ಅಲ್ಲಿಯವರ ಮಾತಿನಲ್ಲಿ ಕೊಮ್ಮೂನ್‌ನಿಂದ, ಒಬ್ಬ ಅಧಿಕಾರಿ ಬರುವುದೆಂದಾಯಿತು. ಜೋಲಿ ಬಿಚ್ಚಿಸಿ, ಸುತ್ತ ಕಟಕಟೆಯಿರುವ ಮಂಚ ಹಾಕಿಸುವ ಯೋಚನೆ. ತಮ್ಮ ಪರವಾಗಿ ಸಾಕ್ಷಿ ಹೇಳಲು ಆ ತಾಯಿ ನನ್ನನ್ನು ಕರೆದರು.

"ಅಪ್ಪಾ, ನಮ್ಮ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿದೆ," ಎಂದಳು ಮಗಳು. "ಕೊಮ್ಮೂನ್‌ನೋರ ಹತ್ರ ವಾದ ಎಲ್ಲಾ ಬೇಡ. ಸುಮ್ನೆ ಕಾಫಿ ಕುಡ್ದು ಬನ್ನಿ."

ಅಧಿಕಾರಿ ನಗುಮುಖದ ತರುಣ. ಕಾಗದದ ಮೇಲಿಂದ ಕಣ್ಣೆತ್ತಲೇ ಇಲ್ಲ. "ಜೋಲಿಯಿಂದ ಬಿದ್ದರೆ ಹೊಣೆ ಯಾರು?"

"ನಾನು ಬಿದ್ದದ್ದು ಅಡುಗೆಮನೆಯಲ್ಲಿ. ಅದನ್ನೂ ಬಿಚ್ಚಿಸುವಿರಾ?" ಎಂದು ಕೇಳಿ ಅವರು ನನ್ನತ್ತ ತಿರುಗಿದರು. "ನಾನು ಹತ್ತುವುದನ್ನು, ಇಳಿಯುವುದನ್ನು ನೀವು ದಿನವೂ ನೋಡಿದ್ದೀರಿ. ಹೇಳಿ."

ನಾನು ಕಾಫಿಯ ಬಟ್ಟಲನ್ನು ನೋಡುತ್ತ ಕುಳಿತೆ.

ಮರುದಿನವೇ ಗೋಡೆಯ ಕೊಕ್ಕೆಗಳನ್ನು ಕಿತ್ತರು. ಕಟಕಟೆಯೊಳಗೆ ಆ ಜೀವ ಕಣ್ಣು ಮುಚ್ಚದೆ ಒಣಗಿತು; ಮಂಜು ಕರಗುವ ಮೊದಲೇ ಹೋಯಿತು. ಅಷ್ಟು ದಿನದಲ್ಲಿ ನನಗೊಂದು ಕಟುನುಡಿಯನ್ನೂ ಅವರು ಆಡಲಿಲ್ಲ. ಪ್ರೊಫೆಸರ್ ಎಂದು ಮಾತ್ರ ಮತ್ತೆ ಕರೆಯಲಿಲ್ಲ.

ಆ ತರುಣನಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಸತ್ಯ ನುಡಿಯಿರೆಂದು ತಲೆಮಾರುಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ನಾಲಗೆ ಇದು. ಪ್ರತಿ ಮಹಾಲಯದಲ್ಲೂ ಗೋತ್ರವರಿಯದ ಆ ತಾಯಿಗೆ ಎಳ್ಳುನೀರು ಬಿಡುತ್ತೇನೆ, ಹಲ್ಲು ಕಚ್ಚಿಕೊಂಡು. ಬದುಕಿದ್ದಾಗ ಒಂದು ಮಾತು ಕೊಡದವನ ನೀರು ಅವರನ್ನು ಮುಟ್ಟೀತೆಂದು ಯಾವ ಶಾಸ್ತ್ರವೂ ನನಗೆ ಹೇಳಿಲ್ಲ.