ಕೊಕ್ಕೆಯಕ್ಕ ಮತ್ತು ಇಪ್ಪತ್ತೆರಡು ಹಲ್ಲುಗಿಂಜರು

ಬೆಳಗಿನ ಆರೂಕಾಲು. ಆಟಿಕೆ ಅಂಗಡಿಯ ಶಟರ್ ಸೊಂಟದ ಎತ್ತರಕ್ಕಷ್ಟೇ ಎದ್ದಿದೆ. ಅದರಡಿ ಬಗ್ಗಿ ಒಳಗೆ ನುಸುಳುವ ಹೆಂಗಸಿಗೆ ಐವತ್ತೆರಡು ವರ್ಷ ಎಂದರೆ ನಂಬುವುದು ಕಷ್ಟ. ಆದರೆ ಒಳಗೆ ಹೋಗಿ ನೆಟ್ಟಗೆ ನಿಂತ ಮೇಲೆ ಸೊಂಟ ಹಿಡಿದುಕೊಂಡು "ಉಸ್ಸಪ್ಪಾ" ಎನ್ನುತ್ತಾರಲ್ಲ, ಆಗ ನಂಬಲೇಬೇಕು. ಚಪ್ಪಲಿ ಬಾಗಿಲ ಪಕ್ಕಕ್ಕೆ, ಚೀಲ ಸ್ಟೂಲಿನ ಮೇಲೆ, ಕನ್ನಡಕ ಮೂಗಿನ ತುದಿಗೆ. ಅಂಗಡಿಯ ಕೊನೆಯ ಗೋಡೆಯ ಎದುರು ನಿಂತು, ತರಗತಿಗೆ ಬಂದ ಮೇಷ್ಟ್ರ ಹಾಗೆ ಒಮ್ಮೆ ಎಡದಿಂದ ಬಲಕ್ಕೆ ನೋಡುತ್ತಾರೆ.

ಆ ಗೋಡೆಯಲ್ಲಿ ನಲವತ್ತೆಂಟು ಕಬ್ಬಿಣದ ಕೊಕ್ಕೆಗಳು. ಒಂದೊಂದರಲ್ಲೂ ಪ್ಲಾಸ್ಟಿಕ್ ಪೊಟ್ಟಣದೊಳಗೆ ಗೇಣುದ್ದದ ವೀರರು, ಮಕ್ಕಳು ಆಕ್ಷನ್ ಫಿಗರ್ ಎಂದು ಕರೆಯುವ ಗೊಂಬೆಗಳು. ಯಾರೋ ಒಬ್ಬ ತಲೆಕೆಳಗಾಗಿ ನೇತಾಡುತ್ತಿದ್ದಾನೆ. "ಏನಪ್ಪಾ, ನಿನ್ನೆ ಯಾರ ಕೈಲಿ ಸಿಕ್ಕಿದ್ದೆ?" ಎಂದು ಗದರುತ್ತಲೇ ಅವನನ್ನು ನೆಟ್ಟಗೆ ಮಾಡುತ್ತಾರೆ. ಬೇರೆ ಕಂಪನಿಯ ಮಾಲು ತಮ್ಮ ಕೊಕ್ಕೆಗೆ ಬಂದು ಕೂತಿದ್ದರೆ ಎರಡೇ ಬೆರಳಲ್ಲಿ ಎತ್ತಿ ಆಚೆಗಿಡುತ್ತಾರೆ, ಹಿಟ್ಟಿನಲ್ಲಿ ಸಿಕ್ಕ ಕೂದಲನ್ನು ಎತ್ತುವಂತೆ.

ಆಟಿಕೆ ಕಂಪನಿಯೊಂದರ ಪರವಾಗಿ ಅಂಗಡಿ ಅಂಗಡಿ ತಿರುಗಿ ಗೊಂಬೆಗಳನ್ನು ಜೋಡಿಸುವುದು ಇವರ ಕೆಲಸ. ಕಂಪನಿಯ ಕಾಗದದಲ್ಲಿ ಈ ಹುದ್ದೆಗೆ ಉದ್ದನೆಯ ಹೆಸರಿದೆ. ಅದನ್ನು ಇವರನ್ನೇ ಕೇಳಿದರೆ "ಯಾವುದೋ ಇದೆ ಬಿಡಿ, ನಾಲಿಗೆ ತಿರುಗಲ್ಲ" ಎಂದು ನಗುತ್ತಾರೆ. ಅಂಗಡಿಯವರಿಗೆಲ್ಲ ಇವರು ಕೊಕ್ಕೆಯಕ್ಕ. ದಿನಕ್ಕೆ ಆರು ಅಂಗಡಿ, ವಾರಕ್ಕೆ ಆರು ದಿನ. ಒಟ್ಟು ಹನ್ನೆರಡು ಅಂಗಡಿಗಳನ್ನು ವಾರಕ್ಕೆ ಮೂರು ಸಲ ಸುತ್ತುತ್ತಾರೆ. ಲೆಕ್ಕ ಹಾಕಿದರೆ ದಿನಕ್ಕೆ ಇನ್ನೂರ ಎಂಬತ್ತೆಂಟು ಕೊಕ್ಕೆಗಳು ಇವರ ಕೈ ದಾಟುತ್ತವೆ. ಗಿರಾಕಿಗಳು ಬರುವ ಮೊದಲು ಮುಗಿಸಬೇಕು, ಗಿರಾಕಿಗಳ ಕಣ್ಣಿಗೆ ಬೀಳಬಾರದು. ನೀವು ಮಕ್ಕಳ ಕೈಹಿಡಿದು ಅಂಗಡಿಗೆ ಹೋದಾಗ ಗೊಂಬೆಗಳು ತಾವಾಗಿಯೇ ಸಾಲಾಗಿ ನಿಂತಿವೆ ಎಂದುಕೊಂಡಿದ್ದರೆ, ಅದು ನಿಮ್ಮ ತಪ್ಪೇನಲ್ಲ.

ಮೊದಲು ಇವರು ಇದೇ ಕಂಪನಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದರು. ಹದಿನಾಲ್ಕು ವರ್ಷ ರಟ್ಟಿನ ಪೆಟ್ಟಿಗೆ ಎತ್ತಿ ಎತ್ತಿ ಬಲಗೈ ಭುಜಕ್ಕಿಂತ ಮೇಲೆ ಏಳುವುದನ್ನೇ ನಿಲ್ಲಿಸಿತು. "ಮನೆಗೆ ಕಳಿಸ್ತಾರೆ ಅಂದ್ಕೊಂಡಿದ್ದೆ. ಅಂಗಡಿ ಸುತ್ತೋ ಕೆಲಸ ಇದೆ, ಮಾಡ್ತೀಯಾ ಅಂದ್ರು. ಮೇಲಿನ ಸಾಲಿಗೆ ಎಡಗೈ, ಕೆಳಗಿನ ಸಾಲಿಗೆ ಬಲಗೈ. ಹೇಗೋ ನಡೀತದೆ," ಎನ್ನುತ್ತಾರೆ. ಪೊಟ್ಟಣದ ಅಂಚು ಕುಯ್ದು ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಗೆರೆಗಳು. ಹೆಚ್ಚಿನ ಅಂಗಡಿಗಳಲ್ಲಿ ಆ ಹೊತ್ತಿಗೆ ಶೌಚಾಲಯದ ಬೀಗವೇ ತೆಗೆದಿರುವುದಿಲ್ಲ, ಹಾಗಾಗಿ ಹತ್ತು ಗಂಟೆಯವರೆಗೆ ಇವರು ನೀರು ಕುಡಿಯುವುದಿಲ್ಲ. ಇದನ್ನು ಎಷ್ಟು ಮಾಮೂಲಿಯಾಗಿ ಹೇಳುತ್ತಾರೆಂದರೆ ಕೇಳುವವರಿಗೇ ಗಂಟಲೊಣಗುತ್ತದೆ.

ಸೊಂಟದಲ್ಲಿ ಎಂಟು ಜೇಬಿನ ಚೀಲವೊಂದಿದೆ. ದರ್ಜಿಯಾಗಿರುವ ಗಂಡ ಹೊಲಿದುಕೊಟ್ಟದ್ದು. ಕತ್ತರಿ, ಅಂಟುಪಟ್ಟಿ, ಒರೆಸುವ ಬಟ್ಟೆ, ಪೆನ್ನು, ಪುಟ್ಟ ಪುಸ್ತಕ, ಮೊಬೈಲು. ಏಳನೆಯದರಲ್ಲಿ ನೋವಿನ ಮುಲಾಮು. ಎಂಟನೆಯದು ಯಾಕೆ ಎಂದು ಕೇಳಿದರೆ ಕೊಕ್ಕೆಯಕ್ಕನ ಮುಖ ಕೆಂಪಾಗುತ್ತದೆ. "ಅದರಲ್ಲಿ ಅವ್ರು ದಿನಾ ಬೆಳಗ್ಗೆ ಎರಡು ಬಿಸ್ಕತ್ತು ಇಡ್ತಾರೆ. ಹೇಳಲ್ಲ, ಸುಮ್ನೆ ಇಟ್ಟಿರ್ತಾರೆ."

ಜೋಡಿಸಿದ ಮೇಲೆ ಗೋಡೆಯ ಫೋಟೋ ತೆಗೆದು ಆಫೀಸಿಗೆ ಕಳಿಸಬೇಕು. ಆಫೀಸಿನವರು ಅದಕ್ಕೆ ಅಂಕ ಕೊಡುತ್ತಾರೆ. ಒಂದು ಕೊಕ್ಕೆ ಖಾಲಿ ಕಂಡರೂ ಅಂಕ ಕಟ್. ಹನ್ನೊಂದು ವರ್ಷ ಕೊಕ್ಕೆಯಕ್ಕ ನೂರಕ್ಕೆ ನೂರು ತೆಗೆದವರು. ಆ ಪ್ರಶಸ್ತಿಪತ್ರಗಳು ಮನೆಯ ಗೋಡೆಯಲ್ಲಿ, ಗಂಡನ ಹೊಲಿಗೆ ಯಂತ್ರದ ಮೇಲೆ, ಸಾಲಾಗಿ ಒಂದೇ ಅಳತೆಯಲ್ಲಿ ನೇತಾಡುತ್ತಿವೆ. ಕೊಕ್ಕೆಗೇ ಹಾಕಿದ್ದಾರೆ, ಇನ್ನೇನು!

ಆ ನೂರಕ್ಕೆ ನೂರೇ ಒಂದು ದಿನ ಕುತ್ತಿಗೆಗೆ ಬಂತು.

ಕಂಪನಿಯದು ಮೂರು ವೀರಪಡೆಗಳು: ಉಕ್ಕಿನ ಮುಷ್ಟಿ, ಕಾಡುಗಲಿಗಳು, ಗಗನಪಡೆ. ಗಗನಪಡೆಯಲ್ಲಿ ನಾಲ್ಕು ಮಂದಿ: ನೀಲಿ ಕವಚದ ನಾಯಕ, ಯಂತ್ರದ ನಾಯಿ, ಹದ್ದಿನ ರೆಕ್ಕೆಯ ನಾಯಕಿ, ಮತ್ತು ಒಬ್ಬ ಖಳ. ಆ ಖಳನಿಗೆ ಕಂಪನಿ ಇಟ್ಟ ಹೆಸರು ಭಯಂಕರವಾದದ್ದೇ. ಆದರೆ ಅಷ್ಟೂ ಹಲ್ಲು ಬಿಟ್ಟುಕೊಂಡು ನಿಂತ ಅವನನ್ನು ಕೊಕ್ಕೆಯಕ್ಕ ಕರೆಯುವುದು ಹಲ್ಲುಗಿಂಜ ಎಂದು. ಎರಡು ವರ್ಷದ ಹಿಂದೆ ಆಫೀಸಿನಿಂದ ಸುದ್ದಿ ಬಂತು: ಗಗನಪಡೆ ಮಾರಾಟ ನೆಲ ಕಚ್ಚಿದೆ, ತಿಂಗಳ ಕೊನೆಯ ಸಭೆಯಲ್ಲಿ ಅದನ್ನು ನಿಲ್ಲಿಸುವ ತೀರ್ಮಾನ ಮಾಡುತ್ತಾರೆ.

ಆ ರಾತ್ರಿಯ ಊಟ ಯಾರಿಗೂ ಸೇರಲಿಲ್ಲ. ಯಾಕೆಂದರೆ ಕೊಕ್ಕೆಯಕ್ಕನ ನಾದಿನಿ, ಗಂಡನ ತಂಗಿ, ಕಾರ್ಖಾನೆಯಲ್ಲಿ ಗಗನಪಡೆಯ ಗೊಂಬೆಗಳಿಗೆ ಕಣ್ಣು ಬರೆಯುವವರು. ಒಂದೇ ಬೆಂಚಿನಲ್ಲಿ ಹದಿನಾಲ್ಕು ಹೆಂಗಸರು, ಒಂದೊಂದು ಕೂದಲೆಳೆಯ ಕುಂಚ. ಪಡೆ ನಿಂತರೆ ಬೆಂಚೂ ನಿಲ್ಲುತ್ತದೆ. "ಅತ್ತಿಗೇ, ದಿನಾ ನೀನೇ ಅಂಗಡಿಗೆ ಹೋಗ್ತೀಯಲ್ಲ. ನಾವು ಬರೆದ ಕಣ್ಣು ಅಷ್ಟು ಕೆಟ್ಟದಾಗಿದೆಯಾ? ಯಾರೂ ತಗೊಳ್ಳಲ್ವಾ?" ಎಂದು ನಾದಿನಿ ಕೇಳಿದರು.

ಉತ್ತರ ಸಿಕ್ಕಿದ್ದು ಮೂರನೆಯ ದಿನ. ಒಂದು ಅಂಗಡಿಯಲ್ಲಿ ಕೆಲಸ ತಡವಾಗಿ ಇನ್ನೂ ಸ್ಟೂಲಿನ ಮೇಲಿದ್ದರು. ಒಬ್ಬ ತಾಯಿ ಬಂದು ರೆಕ್ಕೆಯವಳು ಇದ್ದಾಳಾ ಎಂದು ಕೇಳಿದರು. ಯಜಮಾನರು ಕಂಪ್ಯೂಟರ್ ನೋಡಿ, "ಗಗನಪಡೆ ಅಲ್ವಾ? ಇಪ್ಪತ್ತೆರಡಿದೆ, ಅಲ್ಲೇ ನೋಡಿಮ್ಮಾ" ಎಂದರು. ಆಯಮ್ಮ ನೋಡಿದರು. ಕೊಕ್ಕೆಯಕ್ಕನೂ ನೋಡಿದರು. ಹನ್ನೆರಡು ಕೊಕ್ಕೆ, ಇಪ್ಪತ್ತೆರಡು ಪೊಟ್ಟಣ, ಇಪ್ಪತ್ತೆರಡರಲ್ಲೂ ಹಲ್ಲುಗಿಂಜ. ತಾಯಿ ಬರಿಗೈಯಲ್ಲಿ ಹೋದರು. "ಅವನು ನನ್ನನ್ನೇ ನೋಡಿ ಹಲ್ಲು ಕಿಸಿದಂಗಾಯ್ತು," ಎನ್ನುತ್ತಾರೆ ಕೊಕ್ಕೆಯಕ್ಕ.

ವಿಷಯ ಇಷ್ಟೇ. ನಾಲ್ಕೂ ಗೊಂಬೆಗಳ ಪೊಟ್ಟಣದ ಹಿಂದಿರುವ ಪಟ್ಟೆಗೆರೆ, ಅಂದರೆ ಬಾರ್‌ಕೋಡ್, ಒಂದೇ. ಅಂಗಡಿಯ ಕಂಪ್ಯೂಟರ್ ಯಂತ್ರಕ್ಕೆ ಗೊತ್ತಾಗುವುದು ಗಗನಪಡೆ ಎಷ್ಟಿದೆ ಎಂದು ಮಾತ್ರ, ಯಾರ್ಯಾರು ಇದ್ದಾರೆಂದಲ್ಲ. ಇಪ್ಪತ್ತಕ್ಕಿಂತ ಕಡಿಮೆಯಾದರೆ ಹೊಸ ಪೆಟ್ಟಿಗೆ ತರಿಸುತ್ತದೆ, ಇಲ್ಲದಿದ್ದರೆ ತೆಪ್ಪಗಿರುತ್ತದೆ. ಒಂದು ಪೆಟ್ಟಿಗೆಗೆ ಹನ್ನೆರಡು ಗೊಂಬೆ, ಅದರಲ್ಲಿ ಐದು ಹಲ್ಲುಗಿಂಜ, ಒಬ್ಬಳೇ ರೆಕ್ಕೆಯವಳು. ಉಳಿದವರು ಎರಡೇ ದಿನದಲ್ಲಿ ಮನೆ ಸೇರುತ್ತಾರೆ, ಹಲ್ಲುಗಿಂಜ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹೀಗೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಅವನೇ ಉಳಿದು, ಕೊನೆಗೆ ಯಂತ್ರಕ್ಕೆ ಮಾಲು ಬೇಕಾದಷ್ಟಿದೆ ಅನ್ನಿಸಿಬಿಟ್ಟಿತ್ತು. ಇರುವುದು ಯಾರಿಗೂ ಬೇಡ, ಬೇಕಾದದ್ದು ಬರುವುದಿಲ್ಲ. ಇದನ್ನೇ ಆಫೀಸು ಗಗನಪಡೆಯ ಕಡೆ ಮಕ್ಕಳಿಗೆ ಆಸಕ್ತಿ ಕುಗ್ಗಿದೆ ಎಂದು ಬಣ್ಣದ ಚಿತ್ರ ಬರೆದು ವರದಿ ಮಾಡಿತ್ತು.

ಹಾಗಾದರೆ ಫೋಟೋ? ದಿನವೂ ಕಳಿಸುತ್ತಿದ್ದ ಫೋಟೋದಲ್ಲಿ ಇದು ಕಾಣಬೇಕಿತ್ತಲ್ಲವೇ? ಕೊಕ್ಕೆಯಕ್ಕನನ್ನು ಇವತ್ತಿಗೂ ಚುಚ್ಚುವ ಮುಳ್ಳು ಅದೇ. ಖಾಲಿ ಕೊಕ್ಕೆ ಅವರಿಗೆ ಸಹಿಸದು. ಗೊಂಬೆಗಳು ಕಡಿಮೆಯಾದಾಗ ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಲ್ಲುಗಿಂಜರನ್ನು ತಂದು, ಒರೆಸಿ, ಕೊಕ್ಕೆಗೆ ಒಬ್ಬಿಬ್ಬರಂತೆ ಹಂಚಿ ಹಾಕುತ್ತಿದ್ದವರು ಅವರೇ. ದೂರದಿಂದ ತೆಗೆದ ಫೋಟೋದಲ್ಲಿ ಗೋಡೆ ತುಂಬಿ ತುಳುಕುತ್ತಿತ್ತು. ಆಫೀಸಿನವರು ನೂರಕ್ಕೆ ನೂರು ಹಾಕಿದರು, ಇವರು ಖುಷಿಪಟ್ಟರು.

"ಗುಡಿಸಿ ಗುಡಿಸಿ ಕಸಾನ ನಾನೇ ಚಾಪೆ ಕೆಳಗೆ ತಳ್ಳಿದ್ದೆ. ಅದೂ ಅಚ್ಚುಕಟ್ಟಾಗಿ!" ಎಂದು ಹಣೆ ಬಡಿದುಕೊಳ್ಳುತ್ತಾರೆ.

ಮರುದಿನ ಅವರು ಮಾಡಿದ ಕೆಲಸಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ. ಎರಡು ಅಂಗಡಿಗಳ ಯಜಮಾನರನ್ನು ಕಾಡಿ ಬೇಡಿ, ಹಲ್ಲುಗಿಂಜರನ್ನೆಲ್ಲ ಪೆಟ್ಟಿಗೆಗೆ ತುಂಬಿ, ವಾಪಸ್ ಮಾಲು ಎಂದು ಬರೆಸಿದರು. ಕಂಪ್ಯೂಟರಿನಲ್ಲಿ ಗಗನಪಡೆ ಸೊನ್ನೆಯಾಯಿತು. ಗೋಡೆಯಲ್ಲಿ ಹನ್ನೆರಡು ಕೊಕ್ಕೆ ಬೋಳು ಬೋಳು. ಆ ಬೋಳು ಗೋಡೆಯ ಫೋಟೋ ತೆಗೆದು ಕಳಿಸಿಯೇಬಿಟ್ಟರು. ಹತ್ತೇ ನಿಮಿಷಕ್ಕೆ ಸೂಪರ್‌ವೈಸರ್ ಫೋನು. "ಏನಮ್ಮಾ ಇದು, ಆರಾಮ ಇದ್ದೀರಾ? ಕೊಕ್ಕೆ ಎಲ್ಲಾ ಖಾಲಿ!" "ಆರಾಮ ಇದ್ದೀನಿ ಸಾರ್. ಖಾಲಿ ಇದೆ, ಅದಕ್ಕೇ ಖಾಲಿ ಕಾಣ್ತಿದೆ," ಎಂದರಂತೆ. ಆ ವಾರದ ಅಂಕ ನಲವತ್ತೊಂದು. ಇನ್ನೊಂದು ಸಲ ಹೀಗಾದರೆ ಕೆಲಸ ಬಿಟ್ಟು ಮನೆಗೆ ನಡೆಯಿರಿ ಎಂಬ ಮಾತೂ ಬಂತು. ಆಗ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಮನೆಗೆ ಬಂದ್ರೆ ಗುಂಡಿ ಹೊಲಿಯೋಕೆ ಜನ ಬೇಕಿತ್ತು ನನಗೆ. ನೀನು ನಡೆಸು," ಎಂದರಂತೆ.

ಮೂರು ವಾರ ಕಳೆಯಿತು. ಯಂತ್ರ ಪೆಟ್ಟಿಗೆ ತರಿಸಿತು, ಮಾಲು ಹೋಯಿತು, ಉಳಿದ ಹಲ್ಲುಗಿಂಜರನ್ನು ಇವರು ಮತ್ತೆ ವಾಪಸ್ ಬರೆಸಿದರು, ಯಂತ್ರ ಮತ್ತೆ ತರಿಸಿತು. ಆ ಎರಡು ಅಂಗಡಿಗಳಲ್ಲಿ ಹೋದ ಗಗನಪಡೆಯ ಗೊಂಬೆಗಳು ಐವತ್ತಮೂರು. ಉಳಿದ ಹತ್ತು ಅಂಗಡಿಗಳಲ್ಲಿ, ಎಲ್ಲ ಸೇರಿ, ನಾಲ್ಕು.

ತೀರ್ಮಾನದ ಸಭೆಯ ದಿನ ಕೊಕ್ಕೆಯಕ್ಕ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಎರಡು ಕೈಯಲ್ಲೂ ಚೀಲ ಹಿಡಿದು ಆಫೀಸಿನ ಮೂರನೆಯ ಮಹಡಿ ಹತ್ತಿದರು. ಅಲ್ಲಿಯವರೆಗೆ ಅವರು ಆ ಮೆಟ್ಟಿಲು ತುಳಿದವರಲ್ಲ. ಒಳಗೆ ಬಿಡಲು ಮೂಗು ಮುರಿದವರ ಪಕ್ಕದಿಂದಲೇ ನುಸುಳಿದರು. ಅರ್ಧ ಶಟರಿನಡಿ ನುಸುಳಿ ರೂಢಿಯಿದೆಯಲ್ಲ. ಮಾರಾಟದ ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಉದ್ದನೆಯ ಮೇಜಿನ ಮೇಲೆ ಒಂದೊಂದೇ ಪೊಟ್ಟಣ ಇಡತೊಡಗಿದರು. ಇಪ್ಪತ್ತೆರಡು ಹಲ್ಲುಗಿಂಜರು, ಒಂದೇ ಸಾಲು, ಒಂದೇ ಅಂತರ.

"ಏನಿದು?" ಎಂದರು ಮ್ಯಾನೇಜರ್.

"ಇದೇ ಸಾರ್ ನಿಮ್ಮ ಸ್ಟಾಕು. ಒಂದು ವರ್ಷದಿಂದ ನಾನು ಕಳಿಸಿದ ಫೋಟೋದಲ್ಲಿ ಇದ್ದಿದ್ದು ಇವನೊಬ್ಬನೇ. ಮಕ್ಕಳು ಬಂದು ಬಂದು ವಾಪಸ್ ಹೋಗ್ತಿದ್ರು. ಇವನನ್ನ ತೆಗೆದ ಎರಡೇ ಅಂಗಡೀಲಿ ಮೂರು ವಾರಕ್ಕೆ ಐವತ್ತಮೂರು ಹೋಗಿದೆ. ಗೋಡೆ ಖಾಲಿ ಕಾಣಬಾರದು ಅಂತ ನಾನೇ ಮುಚ್ಚಿಟ್ಟೆ. ತಪ್ಪು ನಂದು. ಶಿಕ್ಷೆ ಏನಿದ್ರೂ ನನಗೆ ಕೊಡಿ, ಕಣ್ಣು ಬರೆಯೋರಿಗೆ ಬೇಡ."

ಇಪ್ಪತ್ತೆರಡು ಮುಖಗಳು ಸಭೆಯ ಕಡೆ ಹಲ್ಲು ಬಿಟ್ಟುಕೊಂಡು ನಿಂತಿದ್ದವು. ಮೊದಲು ನಕ್ಕಿದ್ದು ಮ್ಯಾನೇಜರೇ. ಆಮೇಲೆ ಪ್ಯಾಕಿಂಗ್ ಪಟ್ಟಿ ತರಿಸಿ ನೋಡಿದರೆ, ಅದನ್ನು ಬರೆದದ್ದು ಗಗನಪಡೆ ಹೊರಬಂದ ಮೊದಲ ವರ್ಷ. ಆಗ ಟಿವಿಯ ಕಾರ್ಟೂನಿನಲ್ಲಿ ಖಳನದೇ ಕಾರುಬಾರು. ಕಾರ್ಟೂನು ಬದಲಾಗಿ ರೆಕ್ಕೆಯವಳು ಮನೆಮಾತಾದರೂ ಪಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. ಅಷ್ಟು ಜನ ಓದಿದವರು ಕೂತ ಮಹಡಿಯಲ್ಲಿ!

ಪಟ್ಟಿ ಬದಲಾಯಿತು. ಈಗ ಪೆಟ್ಟಿಗೆಗೆ ಐದು ರೆಕ್ಕೆಯವಳು, ಒಬ್ಬನೇ ಹಲ್ಲುಗಿಂಜ. ಗಗನಪಡೆಗೆ ಒಂದು ಸೀಸನ್ ಗಡುವು ಸಿಕ್ಕಿತು. ಗಡುವು ಮುಗಿದು ವರ್ಷವಾಗಿದೆ, ಈಗ ಮೂರು ಪಡೆಗಳಲ್ಲಿ ಅದು ಎರಡನೆಯ ಸ್ಥಾನದಲ್ಲಿದೆ. ಬೆಂಚಿನಲ್ಲಿ ಹದಿನಾಲ್ಕೂ ಜನ ಇದ್ದಾರೆ. ನಾದಿನಿಗೆ ಮಾತ್ರ ಹೊಸ ತಕರಾರು: "ಹಲ್ಲುಗಿಂಜನ ಕಣ್ಣು ಅಂದ್ರೆ ಎರಡು ಚುಕ್ಕೆ, ಮುಗೀತು. ಈ ಮಹಾರಾಣಿಗೆ ರೆಪ್ಪೆ ಬೇರೆ ಬರೀಬೇಕು. ಅತ್ತಿಗೆಯಿಂದ ನಮ್ಮ ಕಣ್ಣು ಹೋಯ್ತು!" ಹೇಳುತ್ತಲೇ ಅತ್ತಿಗೆಯ ಭುಜಕ್ಕೆ ಮುಲಾಮು ತಿಕ್ಕುತ್ತಾರೆ.

ಕೊಕ್ಕೆಯಕ್ಕನಿಗೆ ಬಡ್ತಿ ಸಿಕ್ಕಿತೇ? ಇಲ್ಲ. ಅಂಕ ನಲವತ್ತೊಂದರ ಆ ವಾರವೂ ದಾಖಲೆಯಲ್ಲಿ ಹಾಗೇ ಉಳಿದಿದೆ. ಅದರ ಬಗ್ಗೆ ಅವರಿಗೆ ಬೇಜಾರಿಲ್ಲ. ಆಸೆ ಬೇರೆಯದೇ. "ಆಫೀಸಿನ ಪಟ್ಟೀಲಿ ಎಷ್ಟು ಇತ್ತು, ಎಷ್ಟು ಹೋಯ್ತು ಅಂತ ಎರಡು ಸಾಲು ಇದೆ. ಇನ್ನೊಂದು ಸಾಲು ಬೇಕು. ಕೇಳಿ ಸಿಗದೇ ಹೋದವರು ಎಷ್ಟು ಅಂತ. ಅದಿದ್ದಿದ್ರೆ ಇಷ್ಟೆಲ್ಲಾ ರಾಮಾಯಣ ಆಗ್ತಿರಲಿಲ್ಲ." ಆಫೀಸು ಆ ಸಾಲನ್ನು ಇನ್ನೂ ಹಾಕಿಲ್ಲ. ಇವರು ತಮ್ಮ ಪುಟ್ಟ ಪುಸ್ತಕದಲ್ಲಿ ತಾವೇ ಗೆರೆ ಎಳೆದುಕೊಂಡು, ಅಂಗಡಿಯವರನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಾರೆ.

ಇವತ್ತು ಕೊನೆಯ ಅಂಗಡಿಯಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಹತ್ತು ದಾಟಿದೆ. ಎರಡು ಕೊಕ್ಕೆ ಖಾಲಿ ಇವೆ. ಹಾಗೇ ಬಿಟ್ಟು ಫೋಟೋ ತೆಗೆಯುತ್ತಾರೆ. ಅಷ್ಟರಲ್ಲಿ ಅಜ್ಜಿಯೊಬ್ಬರು ಒಳಗೆ ಬಂದು ಗೋಡೆಯನ್ನೆಲ್ಲ ಹುಡುಕಿ, ಕೊಕ್ಕೆಯಕ್ಕನ ಕಡೆ ತಿರುಗುತ್ತಾರೆ. "ಅಮ್ಮಾ, ಗಗನಪಡೇಲಿ ಒಬ್ಬ ಇದ್ನಲ್ಲ, ಹಲ್ಲು ಬಿಟ್ಕೊಂಡು ನಿಂತಿರೋನು? ನನ್ನ ಮೊಮ್ಮಗಳಿಗೆ ಹಲ್ಲು ಬಿದ್ದಿದೆ. ಅಷ್ಟೊಂದು ಹಲ್ಲಿರೋನೇ ಬೇಕಂತ ಹಟ. ಎಲ್ಲೂ ಸಿಗ್ತಿಲ್ಲ."

ಕೊಕ್ಕೆಯಕ್ಕ ಸ್ಟೂಲಿನ ಮೇಲೆ ಹಾಗೇ ಕೂತುಬಿಡುತ್ತಾರೆ. ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಶುಕ್ರವಾರ ಬನ್ನಿ, ನಾನೇ ತೆಗೆದಿಟ್ಟಿರ್ತೀನಿ ಎಂದು ಅಜ್ಜಿಗೆ ಮಾತು ಕೊಡುತ್ತಾರೆ. ಆಮೇಲೆ ಐದನೆಯ ಜೇಬಿನಿಂದ ಪುಸ್ತಕ ತೆಗೆದು, ಕೇಳಿ ಸಿಗದೇ ಹೋದವರ ಸಾಲಿನಲ್ಲಿ, ತಮ್ಮ ಗುಂಡು ಅಕ್ಷರದಲ್ಲಿ ನಿಧಾನವಾಗಿ ಬರೆಯುತ್ತಾರೆ: ಹಲ್ಲುಗಿಂಜ, ಒಂದು.

"ಅಂತೂ ನಿನ್ನನ್ನೂ ಕೇಳೋರು ಬಂದ್ರಲ್ಲೋ," ಎನ್ನುತ್ತಾ ಪುಸ್ತಕ ಮಡಚಿ, ಎಂಟನೆಯ ಜೇಬಿಗೆ ಕೈ ಹಾಕುತ್ತಾರೆ.