ಆಷಾಢದ ವಾಲಗ

ಚಾಮರಾಜಪೇಟೆಯಲ್ಲಿ ಒಂದು ಹಳೆಯ ಕಾಲೇಜು. ಅದಕ್ಕೆ ಮೂರು ಮಹಡಿ, ಮೂರಕ್ಕೂ ಕಲ್ಲಿನ ಮೆಟ್ಟಿಲು, ಲಿಫ್ಟಿನ ಮಾತೇ ಇಲ್ಲ. ಅಲ್ಲಿ ಚೂಡಾಮಣಿ ಮೇಡಂ ಅಂತ ಒಬ್ಬರಿದ್ದರು. ಕನ್ನಡ ಪಾಠ ಹೇಳುವುದು ಅವರ ಕೆಲಸ. ಪಾಠದ ಜೊತೆಗೆ ಹೆಗಲೇರಿ ಕೂತದ್ದು ‘ಅಂಗವಿಕಲ ವಿದ್ಯಾರ್ಥಿಗಳ ನೆರವು ಘಟಕ’. ಬಾಗಿಲ ಮೇಲೆ ಹಾಗಂತ ಬೋರ್ಡೂ ಇತ್ತು. ಘಟಕದ ಮುಖ್ಯಸ್ಥೆ ಅವರೇ, ಗುಮಾಸ್ತೆಯೂ ಅವರೇ, ಬೀಗ ತೆಗೆದು ಕಸ ಗುಡಿಸುವವರೂ ಅವರೇ.

ಈ ಕೆಲಸ ಅವರಿಗೆ ಬಂದದ್ದು ಹೀಗೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೋಲಿಯೋ ಆಗಿದ್ದ ಒಬ್ಬ ಹುಡುಗಿಯನ್ನು ಪರೀಕ್ಷೆಯ ದಿನ ಇಬ್ಬರು ಗಂಡಸರು ಕುರ್ಚಿ ಸಮೇತ ಎತ್ತಿ ಮೂರನೇ ಮಹಡಿಗೆ ಹೊತ್ತರು. ಮೆಟ್ಟಿಲ ಮೇಲೆ ಎದುರಾದ ಚೂಡಾಮಣಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಆ ಮುಖ ಮನೆಗೆ ಹೋದರೂ ಬಿಡಲಿಲ್ಲ. ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, “ಪರೀಕ್ಷೆ ಹೊತ್ತಿಗಾದ್ರೂ ಕೆಳಗಡೆ ಒಂದು ಕೊಠಡಿ ಕೊಡ್ಬಾರ್ದಾ ಸಾರ್?” ಎಂದರು. ಕೇಳಿದ್ದೇ ತಪ್ಪಾಯಿತು. ಯಾರು ಕೇಳಿದರೋ ಅವರ ಕೊರಳಿಗೇ ಕೆಲಸ ಬಿತ್ತು.

ಕೆಳಗಡೆ ಖಾಲಿ ಇದ್ದದ್ದು ಒಂದೇ ಕೊಠಡಿ, ಹಿಂಬದಿಯದು. ಅದರಲ್ಲಿ ಆಟದ ಸಾಮಾನು ತುಂಬಿತ್ತು. ವ್ಯಾಯಾಮದ ಮೇಷ್ಟ್ರು ಬಿಡಲಿಲ್ಲ, ಆಡಳಿತ ಮಂಡಳಿಯವರು ನೋಡೋಣ ಎಂದರು, ಹಿಂದಿನ ಪ್ರಿನ್ಸಿಪಾಲರು ಇವತ್ತು ನಾಳೆ ಎನ್ನುತ್ತಲೇ ನಿವೃತ್ತರಾದರು. ಚೂಡಾಮಣಿ ಹೋಗಿ ಹೋಗಿ ಕೇಳಿದರು. ಕೇಳುವಷ್ಟರಲ್ಲಿ ತಲೆ ಬೆಳ್ಳಗಾಯಿತು, ಮಂಡಿ ಸವೆಯಿತು. ಕೊನೆಗೂ ಕೊಠಡಿ ಸಿಕ್ಕಿತು. ಬಾಗಿಲ ಬಳಿ ಸಿಮೆಂಟಿನ ಇಳಿಜಾರು ಹಾಕಿಸಿದರು. ಕಣ್ಣು ಕಾಣದವರು, ಕಾಲಿಲ್ಲದವರು, ಕೈ ಸ್ವಾಧೀನ ಇಲ್ಲದವರು, ಎಲ್ಲರೂ ಇನ್ನು ಇಲ್ಲೇ ಬರೆಯಲಿ ಎಂದು ವ್ಯವಸ್ಥೆ ಮಾಡಿದರು. ಯಾರೇ ಹೊಸಬರು ಕಾಲೇಜಿಗೆ ಬಂದರೂ ಆ ಕೊಠಡಿಯ ಕಥೆ ಕೇಳಲೇಬೇಕಿತ್ತು.

ಕೊಠಡಿಗೆ ಒಂದೇ ಒಂದು ದೋಷವಿತ್ತು. ಅದರ ಹಿಂಗೋಡೆಗೆ ಅಂಟಿಕೊಂಡೇ ಒಂದು ಕಲ್ಯಾಣಮಂಟಪ. ಗೋಡೆಯ ಈಚೆ ಪ್ರಶ್ನೆಪತ್ರಿಕೆ, ಆಚೆ ಮದುವೆಯ ಮಂಟಪ.

ಹಾಗಾಗಿ ಚೂಡಾಮಣಿಗೆ ಒಂದು ಅಭ್ಯಾಸ ಬೆಳೆಯಿತು. ಯೂನಿವರ್ಸಿಟಿಯಿಂದ ಪರೀಕ್ಷೆಯ ವೇಳಾಪಟ್ಟಿ ಬಂದ ತಕ್ಷಣ ಮನೆಯ ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಂಡು ಕೂರುವುದು. ಯಾವ ದಿನ ಪರೀಕ್ಷೆ, ಅವತ್ತು ಮದುವೆ ಮುಹೂರ್ತ ಇದೆಯೋ ಇಲ್ಲವೋ. ಇದ್ದರೆ ಮಂಟಪದ ಮೇನೇಜರ್ ಶಿವಲಿಂಗಯ್ಯನ ಹತ್ತಿರ ಹೋಗಿ, “ಅವತ್ತು ಸ್ಪೀಕರ್ ಬೀದಿ ಕಡೆ ತಿರುಗ್ಸಿ” ಎನ್ನುವುದು.

“ಮೇಡಂ, ನಮ್ಮ ಪುರೋಹಿತ್ರಿಗಿಂತ ಮುಂಚೆ ನಿಮ್ಗೇ ಮುಹೂರ್ತ ಗೊತ್ತಾಗುತ್ತಲ್ಲ,” ಎಂದು ಶಿವಲಿಂಗಯ್ಯ ನಗುತ್ತಿದ್ದ. ಕೆಲವು ಸಲ ತಿರುಗಿಸುತ್ತಿದ್ದ, ಕೆಲವು ಸಲ ಮರೆಯುತ್ತಿದ್ದ.

ಅವನು ಮರೆತ ಒಂದು ದಿನವೇ ಶ್ರೀಧರನ ಪೇಪರು ಮುಳುಗಿದ್ದು.

ಶ್ರೀಧರ್ ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗ. ತಾಯಿ ಮಾರಕ್ಕ ಆಸ್ಪತ್ರೆಯೊಂದರಲ್ಲಿ ಆಯಾ. ಪಾಠವನ್ನೆಲ್ಲ ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತು ಬಿ.ಎ. ಕೊನೆಯ ವರ್ಷದವರೆಗೂ ಬಂದಿದ್ದ. ಕೊನೆಯ ವರ್ಷ ರಾಜ್ಯಶಾಸ್ತ್ರದ ಒಂದು ಪೇಪರಿನ ದಿನ ಗೋಡೆಯಾಚೆ ಮದುವೆ ನಡೆಯಿತು. ಇವನು ಹೇಳಿದ್ದು ಇವನ ಪರವಾಗಿ ಬರೆಯುವವರ ಕಿವಿಗೆ ಬೀಳಲಿಲ್ಲ. ಅರ್ಧ ಪೇಪರು ಹಾಗೇ ಉಳಿಯಿತು, ಫೇಲಾದ. ಅಷ್ಟರಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಅಂಗವಿಕಲರಿಗೆ ಮೀಸಲಾದ ಕೆಲಸಕ್ಕೆ ಇವನ ಹೆಸರು ಬಂತು. ಈ ಸಲ ಆ ಒಂದು ಪೇಪರು ಪಾಸಾದರೆ ಕೆಲಸ. ಇಲ್ಲವಾದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ.

ಈ ಸಲದ ವೇಳಾಪಟ್ಟಿ ಬಂದಾಗ ಚೂಡಾಮಣಿ ಪಂಚಾಂಗ ತೆರೆದು ನೋಡಿ ಹಾಗೇ ಮುಚ್ಚಿದರು. ಪರೀಕ್ಷೆ ತಡವಾಗಿ ಬಿದ್ದಿತ್ತು. ಬಿದ್ದದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆ? ಶಿವಲಿಂಗಯ್ಯನ ಹತ್ತಿರ ಹೋಗುವ ಕೆಲಸ ತಪ್ಪಿತಲ್ಲ ಎಂದು ಅವರಿಗೆ ಎಷ್ಟು ಹಾಯೆನಿಸಿತೆಂದರೆ, ಅವತ್ತು ಸಂಜೆ ಕುರ್ಚಿಯಲ್ಲೇ ನಿದ್ದೆ ಹೋದರು. ಈ ಘಟಕದಿಂದ ನನ್ನನ್ನು ಬಿಡಿಸಿ ಎಂದು ಪ್ರಿನ್ಸಿಪಾಲ್ ನಾರಾಯಣಪ್ಪನವರನ್ನು ಆ ವರ್ಷವೂ ಕೇಳಿದ್ದರು. “ನೀವಲ್ದೆ ಇನ್ಯಾರ್ ಮೇಡಂ ಮಾಡ್ತಾರೆ?” ಎಂದು ಅವರು ಆ ವರ್ಷವೂ ಹೊಗಳಿ ಕಳಿಸಿದ್ದರು.

ಪರೀಕ್ಷೆಯ ದಿನ ಬಂತು. ಹಿಂಬದಿಯ ಕೊಠಡಿಯಲ್ಲಿ ಶ್ರೀಧರ್. ಅವನ ಪಕ್ಕದಲ್ಲಿ ಬರೆಯಲು ಗಂಗರತ್ನಮ್ಮ. ಆಕೆ ಮೇಲಿನ ರಸ್ತೆಯ ಗೃಹಿಣಿ, ಓದಿದ್ದು ಎಸ್ಸೆಸ್ಸೆಲ್ಸಿ, ಅಕ್ಷರ ಮುತ್ತಿನಂಥದು. ಬರೆಯುವವರು ಅಭ್ಯರ್ಥಿಗಿಂತ ಕಡಿಮೆ ಓದಿರಬೇಕೆಂಬ ನಿಯಮ ಇತ್ತಲ್ಲ, ಆಕೆ ಅದಕ್ಕೆ ಸರಿಯಾಗಿ ಒದಗಿದ್ದರು. ಇನ್ನೊಂದು ಮೂಲೆಯಲ್ಲಿ ಸೌಂದರ್ಯಾ. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಪಟ್ಟಿ, ಕೈಗೆ ಊರುಗೋಲು. ಅವಳದು ಇತಿಹಾಸದ ಪೇಪರು, ತಾನೇ ಬರೆಯುವವಳು. ಬಾಗಿಲ ಬಳಿ ಮೇಲ್ವಿಚಾರಣೆಗೆ ಒಬ್ಬ ಮೇಷ್ಟ್ರು.

“ಮಿಸ್, ಇವ್ನು ಜೋರಾಗಿ ಹೇಳೋದನ್ನ ಕೇಳಿ ಕೇಳಿ ನಾನೂ ರಾಜ್ಯಶಾಸ್ತ್ರ ಪಾಸ್ ಮಾಡ್ಬಿಡ್ತೀನಿ,” ಎಂದಳು ಸೌಂದರ್ಯಾ.

“ಮೊದ್ಲು ನಿನ್ ಇತಿಹಾಸ ನೋಡ್ಕೊಳೇ,” ಎಂದ ಶ್ರೀಧರ್.

ಗಂಟೆ ಹೊಡೆಯಿತು. ಗಂಗರತ್ನಮ್ಮ ಪ್ರಶ್ನೆ ಓದಿದರು, ಶ್ರೀಧರ್ ಗಂಟಲು ಸರಿ ಮಾಡಿಕೊಂಡು ಮೊದಲ ವಾಕ್ಯ ಹೇಳಿದ. ಆ ವಾಕ್ಯ ಮುಗಿಯುವ ಮೊದಲೇ ಗೋಡೆಯಾಚೆ ಡೋಲು ಬಡಿಯಿತು. ಅದರ ಹಿಂದೆಯೇ ನಾಗಸ್ವರ, ಸ್ಪೀಕರಿನಲ್ಲಿ. ಕಿಟಕಿಯ ಗಾಜು ಗುಯ್‌ಗುಟ್ಟಿತು.

“ಏನಪ್ಪಾ ಅಂದೆ? ಜೋರಾಗ್ ಹೇಳು!” ಎಂದು ಗಂಗರತ್ನಮ್ಮ ಕೂಗಿದರು.

ಚೂಡಾಮಣಿ ಕಾಂಪೌಂಡ್ ಸುತ್ತಿಕೊಂಡು, ಕುಂಟುತ್ತಾ ಮಂಟಪಕ್ಕೆ ಹೋದರು. ಬಾಗಿಲಲ್ಲಿ ಬಾಳೆಕಂದು, ಪನ್ನೀರು ಚಿಮುಕಿಸುವವರು, ಎಲ್ಲ ಇತ್ತು.

“ಶಿವಲಿಂಗಯ್ಯ, ಆಷಾಢದಲ್ಲಿ ಯಾರ್ರೀ ಮದ್ವೆ?”

“ಮದ್ವೆ ಅಲ್ಲ ಮೇಡಂ, ಷಷ್ಟ್ಯಬ್ದಿ. ಸಂಕರ್ಷಣಾಚಾರ್ರಿಗೆ ಅರವತ್ತಾಯ್ತು. ಅವ್ರು ಆಷಾಢದಲ್ಲೇ ಹುಟ್ಟಿರೋದು. ಅರವತ್ತು ತುಂಬೋದೂ ಆಷಾಢದಲ್ಲೇ ಅಲ್ವಾ?”

ಚೂಡಾಮಣಿ ಹಣೆ ಒತ್ತಿಕೊಂಡರು. ಮುಹೂರ್ತ ನೋಡಿದ್ದರು, ಜನರ ಹುಟ್ಟಿದ ತಿಂಗಳು ನೋಡಿರಲಿಲ್ಲ.

ಒಳಗೆ ಸಂಕರ್ಷಣಾಚಾರ್ರು ಹೊಸ ಪಂಚೆಯಲ್ಲಿ, ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತಾ ಹೋಮದ ಮುಂದೆ ಕೂತಿದ್ದರು. ವಿಷಯ ಕೇಳಿ ಪಾಪ ಅವರಿಗೇ ಸಂಕಟವಾಯಿತು. ಪುರೋಹಿತರ ಮುಖ ನೋಡಿದರು.

“ಹೋಮ ಮುಗಿಯೋವರ್ಗೂ ಬೇಕಾದ್ರೆ ನಿಲ್ಸಬಹುದು,” ಎಂದರು ಪುರೋಹಿತರು. “ಕಲಶದ ಸ್ನಾನ, ಮಾಂಗಲ್ಯಧಾರಣೆಗೆ ವಾದ್ಯ ಇಲ್ದೆ ಆಗುತ್ತೇನಮ್ಮ? ಗಟ್ಟಿಮೇಳಾನೇ ಬೇಕು.”

“ಸ್ಪೀಕರ್ ಆದ್ರೂ ತೆಗೀರಿ.”

“ಅದು ನನ್ ತಮ್ಮಂದು, ಮೈಕ್ ಸೆಟ್ನೋನ್ನ ಅವ್ನೇ ಗೊತ್ತು ಮಾಡಿರೋದು. ಎಲ್ಲಿ ಹೋದ್ನೋ,” ಎಂದರು ಆಚಾರ್ರ ಹೆಂಡತಿ. ಮದುವಣಗಿತ್ತಿಯ ಹಾಗೆ ಅಲಂಕಾರವಾಗಿದ್ದ ಆಕೆ ಚೂಡಾಮಣಿಯ ಕೈ ಹಿಡಿದು, “ಇಷ್ಟೊಂದು ಸುಸ್ತಾಗಿದೀರಲ್ರೀ, ಒಂದ್ಲೋಟ ಪಾನಕ ಕುಡೀರಿ. ಊಟಕ್ಕೂ ಬಂದ್ಬಿಡಿ,” ಎಂದರು.

ಜಗಳ ಆಡಲು ಯಾರಾದರೂ ಕೆಟ್ಟವರು ಸಿಕ್ಕಿದ್ದರೆ ಚೂಡಾಮಣಿಗೆ ಸುಲಭವಾಗುತ್ತಿತ್ತು. ಅಲ್ಲಿ ಇದ್ದವರೆಲ್ಲ ಒಳ್ಳೆಯವರೇ. ಪಾನಕ ಕುಡಿದು ವಾಪಸು ಬಂದರು.

ಸ್ವಲ್ಪ ಹೊತ್ತು ಸದ್ದಡಗಿತು. ಶ್ರೀಧರ್ ಒಂದು ಉತ್ತರ ಮುಗಿಸಿದ. ಎರಡನೆಯದರ ನಡುವೆ ವಾಲಗ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ಗಂಗರತ್ನಮ್ಮ ಪೆನ್ನು ಕೆಳಗಿಟ್ಟರು. “ಚೂಡಾಮಣಿಯವ್ರೇ, ನಂಗೆ ಅವ್ನ ಬಾಯಿ ಅಲ್ಲಾಡೋದು ಕಾಣ್ಸುತ್ತೆ ಅಷ್ಟೇ.”

ಚೂಡಾಮಣಿ ಬಗ್ಗಿ ಶ್ರೀಧರನ ಕಿವಿಯ ಹತ್ತಿರ, “ಏನ್ಮಾಡ್ಲಪ್ಪಾ? ಇನ್ನೊಂದ್ಸಲ ಹೋಗಿ ಕೇಳ್ಲಾ?” ಎಂದರು.

ಶ್ರೀಧರ್ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದ. ಕೊನೆಗೆ ಬಾಯಿಬಿಟ್ಟ.

“ಮೇಡಂ, ಬೇಜಾರ್ ಮಾಡ್ಕೋಬೇಡಿ. ನಾನು ಮೇಲ್ಗಡೆ ಹೋಗಿ ಬರೀಬಹುದಾ?”

“ಮೇಲ್ಗಡೆನಾ?”

“ಮೂರನೇ ಮಹಡೀಲಿ, ರಸ್ತೆ ಕಡೆ ಲೈಬ್ರರಿ ಹಿಂದೆ ಒಂದ್ ಚಿಕ್ಕ ರೂಮಿದೆ. ಅಲ್ಲಿ ಇದು ಕೇಳಲ್ಲ. ನಾನು ಕ್ಯಾಸೆಟ್ ಕೇಳೋದು ದಿನಾ ಅಲ್ಲೇ. ನಂಗೆ ಕಾಣಲ್ಲ ಅಷ್ಟೇ ಮೇಡಂ, ಕಾಲು ಗಟ್ಟಿಯಾಗಿದೆ.”

ಇಷ್ಟು ವರ್ಷ ಕಣ್ಣು ಕಾಣದವರನ್ನೆಲ್ಲ ಈ ಕೊಠಡಿಗೆ ಕರೆತಂದು ಕೂರಿಸಿದವರು ಚೂಡಾಮಣಿಯೇ. ಮೆಟ್ಟಿಲು ಹತ್ತಲು ನಿನಗೇನಾದರೂ ಕಷ್ಟವೇ ಎಂದು ಒಬ್ಬರನ್ನೂ ಕೇಳಿರಲಿಲ್ಲ.

“ಹೋದ್ ವರ್ಷಾನೇ ಹೇಳ್ಬಾರ್ದಿತ್ತೇನೋ?”

“ಹೆಂಗ್ ಹೇಳೋದು ಮೇಡಂ? ಈ ರೂಮಿಗೋಸ್ಕರ ನೀವೆಷ್ಟು ಒದ್ದಾಡಿದ್ರಿ ಅಂತ ಎಲ್ರೂ ಹೇಳ್ತಿದ್ರು. ನಂಗೆ ಈ ರೂಮ್ ಬೇಡ ಅಂದ್ರೆ ನಿಮ್ಗೆ ಹೆಂಗಾಗಲ್ಲ?”

ಪ್ರಶ್ನೆಪತ್ರಿಕೆ ಕೊಟ್ಟ ಮೇಲೆ ಕೊಠಡಿ ಬದಲಿಸಬೇಕಾದರೆ ಪ್ರಿನ್ಸಿಪಾಲರ ಅಪ್ಪಣೆ ಬೇಕು. ಚೂಡಾಮಣಿ ನಾರಾಯಣಪ್ಪನವರ ಕೋಣೆಗೆ ಹೋಗಿ, ವಿಷಯ ಹೇಳಿ, ಎದುರಿನ ಕುರ್ಚಿಯಲ್ಲಿ ಕುಸಿದರು.

“ಯೂನಿವರ್ಸಿಟಿ ಸ್ಕ್ವಾಡ್ ತಪಾಸಣೆಗೆ ಬಂದ್ರೆ ಏನ್ ಹೇಳ್ಲಿ ಮೇಡಂ?” ಎಂದರು ನಾರಾಯಣಪ್ಪ. “ನೀವೇ ಬೇಕು ಅಂತ ಹಟ ಹಿಡಿದು ತಗೊಂಡ ಕೊಠಡಿ ಅದು. ಈಗ ಬೇಡ ಅಂದ್ರೆ? ಹೋಗಿ, ಹೇಗೋ ಮುಗಿಸ್ಬಿಡಿ.”

ಚೂಡಾಮಣಿ ಏಳಲು ನೋಡಿದರು. ಮಂಡಿ ಹಿಡಿದುಕೊಂಡಿತ್ತು. ಕುರ್ಚಿಯ ಕೈ ಅದುಮಿದರು, ಆಗಲಿಲ್ಲ. ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು.

“ಹೋಗಿ ಮೇಡಂ,” ಎಂದರು ನಾರಾಯಣಪ್ಪ.

“ಇಲ್ಲ ಸಾರ್. ಏಳೋಕಾಗಲ್ಲ.”

ನಾರಾಯಣಪ್ಪನವರಿಗೆ ಅದು ಧರಣಿ ಹೂಡಿದ ಹಾಗೆ ಕಂಡಿತು. ಹೊರಗೆ ಯಾರೋ ಇಣುಕಿ ನೋಡಿದರು. ಪರೀಕ್ಷೆಯ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಡಂ ಧರಣಿ ಕೂತರಂತೆ ಎಂಬ ಮಾತು ಹಬ್ಬಲು ಎಷ್ಟು ಹೊತ್ತು ಬೇಕು?

“ಏನ್ ಮೇಡಂ ನೀವೂ, ಈ ವಯಸ್ಸಲ್ಲಿ... ಆಯ್ತು, ಮೇಲೆ ಕಳ್ಸಿ. ಹಾಳಾದ ಟೈಮನ್ನೂ ಕೊನೇಲಿ ಸೇರ್ಸಿ ಕೊಡಿ. ಈಗಾದ್ರೂ ಏಳಿ!”

“ಸಾರ್, ಸ್ವಲ್ಪ ಕೈ ಕೊಡಿ,” ಎಂದರು ಚೂಡಾಮಣಿ. ಆಗ ಪ್ರಿನ್ಸಿಪಾಲರಿಗೆ ಅರ್ಥವಾಯಿತು. ಕೊಟ್ಟ ಮಾತು ವಾಪಸು ತೆಗೆದುಕೊಳ್ಳಲು ನಾಚಿಕೆಯಾಗಿ, ಎಬ್ಬಿಸಿ ಕಳಿಸಿದರು.

ಶ್ರೀಧರ್ ಮೆಟ್ಟಿಲ ಕಂಬಿಗೆ ಒಂದು ಕೈ ಕೊಟ್ಟು, ಒಂದು ಬಿಟ್ಟು ಒಂದು ಮೆಟ್ಟಿಲು ಹಾರಿಸುತ್ತಾ ಹತ್ತಿದ. ಹಿಂದೆ ಮೇಲ್ವಿಚಾರಣೆಯ ಮೇಷ್ಟ್ರು. ಅವರ ಹಿಂದೆ ಗಂಗರತ್ನಮ್ಮ, ಸೆರಗು ಸಿಕ್ಕಿಸಿಕೊಂಡು, “ನಿಧಾನ ಕಣೋ, ಬರಿಯೋಳು ನಾನು, ನನ್ನನ್ನೂ ಬದುಕ್ಸು!” ಎಂದು ಏದುಸಿರು ಬಿಡುತ್ತಾ.

ಚೂಡಾಮಣಿ ಒಂದು ಮೆಟ್ಟಿಲಿಗೆ ಕಾಲಿಟ್ಟು ನೋಡಿ, ಕೆಳಗಿಟ್ಟರು. ಹಿಂಬದಿಯ ಕೊಠಡಿಗೆ ಬಂದು ಸೌಂದರ್ಯಾಳ ಹತ್ತಿರ ಕೂತರು.

“ನಿಂಗೆ ಇಲ್ಲಿ ತೊಂದ್ರೆ ಆಗ್ತಿದ್ಯಾ? ನಿಜ ಹೇಳು,” ಎಂದು ಕೇಳಿದರು. ಕೇಳುವುದನ್ನು ಅವತ್ತಷ್ಟೇ ಕಲಿತಿದ್ದರು.

“ತಲೆ ಸಿಡೀತಿದೆ ಮಿಸ್. ಆದ್ರೆ ಮೇಲೆ ಹೋಗೋಕೆ ನನ್ನನ್ನ ಹೊತ್ಕೋಬೇಕಲ್ಲ, ಅದಕ್ಕಿಂತ ಇದೇ ವಾಸಿ,” ಎಂದಳು ಸೌಂದರ್ಯಾ, ಬರೆಯುವುದು ನಿಲ್ಲಿಸದೆ.

ಗೋಡೆಯಾಚೆ ಗಟ್ಟಿಮೇಳ ಏರಿತು. ಅರವತ್ತು ತುಂಬಿದವರು ಹೆಂಡತಿಯ ಕೊರಳಿಗೆ ಮತ್ತೊಮ್ಮೆ ತಾಳಿ ಕಟ್ಟುತ್ತಿದ್ದರು. ಮೇಲೆ ಶ್ರೀಧರ್ ಏನು ಹೇಳುತ್ತಿದ್ದಾನೆ, ಎಷ್ಟು ಬರೆಸಿದ್ದಾನೆ, ಕೆಳಗೆ ಕೂತವರಿಗೆ ಒಂದೂ ತಿಳಿಯಲಿಲ್ಲ. ಮುಗಿಸಿ ಇಳಿದು ಬಂದವನ ಮುಖದಲ್ಲೂ ತಿಳಿಯಲಿಲ್ಲ. ಗಂಗರತ್ನಮ್ಮ ಮಾತ್ರ ಬಲಗೈ ಹಿಸುಕಿಕೊಳ್ಳುತ್ತಾ, “ಅಡಿಷನಲ್ ಶೀಟ್ ಕೇಳಿ ಕೇಳಿ ಆ ಮೇಷ್ಟ್ರಿಗೇ ಬೇಜಾರಾಯ್ತು,” ಎಂದರು.

ಫಲಿತಾಂಶ ಬಂದಾಗ ದೀಪಾವಳಿ ಹತ್ತಿರವಾಗಿತ್ತು. ಶ್ರೀಧರ್ ಪಾಸಾಗಿದ್ದ. ಅಂಥ ದೊಡ್ಡ ಅಂಕವೇನಲ್ಲ, ಸಾಲುವಷ್ಟು. ಮಾರಕ್ಕ ಬಂದು ಬಾಗಿಲಲ್ಲೇ ನಿಂತು ಕೈಮುಗಿದು ಹೋದಳು. ಕೆಲಸದ ಆದೇಶವೂ ಬಂತು.

ಕೆಲಸಕ್ಕೆ ಸೇರಿ ಸ್ವಲ್ಪ ದಿನಕ್ಕೆ ಕಾಲೇಜಿನ ಆಫೀಸಿಗೆ ಶ್ರೀಧರನ ಫೋನ್ ಬಂತು.

“ಮೇಡಂ, ಸೌಂದರ್ಯಾ ನಮ್ಮ ಆಫೀಸಿಗೇ ಅರ್ಜಿ ಹಾಕ್ತಾಳಂತೆ. ಆದ್ರೆ ಇದು ಎರಡನೇ ಮಹಡಿ, ಲಿಫ್ಟ್ ಯಾವಾಗ್ಲೋ ಕೆಟ್ಟಿದೆಯಂತೆ. ನೀವೊಂದ್ಸಲ ಬಂದು ನಮ್ ಸಾಹೇಬ್ರ ಹತ್ರ ಮಾತಾಡ್ತೀರಾ?”

ಚೂಡಾಮಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಲ್ಲಪ್ಪ, ನಂಗೆ ಇಲ್ಲಿಂದೇ ಸಾಕಾಗಿದೆ. ಅಲ್ಲಿಂದು ಇನ್ಮೇಲೆ ನೀನೇ ಕೇಳು.”

“ನಾನಾ ಮೇಡಂ? ಮೊನ್ನೆ ಮೊನ್ನೆ ಸೇರಿದೋನು, ಬೈತಾರೆ.”

“ಬೈತಾರೆ. ಮತ್ತೆ ಹೋಗು. ಹೋಗೋಕೆ ಮುಂಚೆ ಅವ್ಳಿಗೆ ಏನ್ ಬೇಕು ಅಂತ ಅವ್ಳನ್ನೇ ಕೇಳ್ಕೊಂಡ್ ಹೋಗು.”

ಫೋನಿಟ್ಟು, ಕನ್ನಡಕ ಹಾಕಿಕೊಂಡು, ಮೇಜು ಹಿಡಿದು ಎದ್ದು, ಮುಂದಿನ ಪರೀಕ್ಷೆಗೆ ಮೇಲೊಂದು ಕೆಳಗೊಂದು ಕೊಠಡಿ ಬೇಕೆಂದು ಕೇಳಲು ನಾರಾಯಣಪ್ಪನವರ ಕೋಣೆಯ ಕಡೆ ಹೊರಟರು.